ಅರವತ್ತು ಪೌಂಡಿನ ಸುಳ್ಳು

ನನ್ನ ತಂಗಿಗೆ ಈಗ ಮೂವತ್ತೆಂಟು. ಹನ್ನೊಂದು ದೊಡ್ಡ ಕಪ್ ಗೆದ್ದಿದ್ದಾಳೆ, ಪತ್ರಿಕೆಗಳು ಅವಳನ್ನು ಟೆನಿಸ್ ರಾಣಿ ಎನ್ನುತ್ತವೆ. ಮನೆಯಲ್ಲಿ ಇವತ್ತಿಗೂ ಪುಟ್ಟಿ. ಅವಳ ರಾಕೆಟ್ಟುಗಳಿಗೆ ಗಟ್, ಅಂದರೆ ಚೆಂಡು ಬಡಿಯುವ ದಾರದ ಜಾಲ, ಬಿಗಿಯುವವಳು ನಾನು. ಇಪ್ಪತ್ತೆರಡು ವರ್ಷದಿಂದ ಅವಳು ಹೋದಲ್ಲೆಲ್ಲ ನಾನೂ ನನ್ನ ಮೆಷಿನ್ನೂ ಹೋಗಿದ್ದೇವೆ. ಇದೇನೆಂದು ಹೋಟೆಲಿನವರು ಕೇಳಿದರೆ ಹೊಲಿಗೆ ಯಂತ್ರ ಎಂದು ಹೇಳಿ ಸಾಗಹಾಕುತ್ತೇನೆ.

ಗಟ್ಟಿನ ಬಿಗಿಯನ್ನು ಪೌಂಡಿನಲ್ಲಿ ಅಳೆಯುತ್ತಾರೆ. ಬಿಗಿ ಹೆಚ್ಚಿದಷ್ಟೂ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ಪೆಟ್ಟೆಲ್ಲ ಕೈಗೆ ಬೀಳುತ್ತದೆ. ಪುಟ್ಟಿಯದು ಹದಿನಾರನೇ ವಯಸ್ಸಿನಿಂದ ಅರವತ್ತು. ಅದರ ಬಗ್ಗೆ ಅವಳಿಗೆ ಎಂಥ ಜಂಬ ಎಂದರೆ, ಒಮ್ಮೆ ಪತ್ರಕರ್ತರ ಮುಂದೆ, "ಅರವತ್ತರಿಂದ ಒಂದು ಪೌಂಡ್ ಇಳಿಸೋ ದಿನ ರಾಕೆಟ್ ಕೆಳಗಿಟ್ಟು ಮನೆಗೆ ಹೋಗ್ತೀನಿ" ಎಂದುಬಿಟ್ಟಳು. ಹಿಡಿದ ಹಟ ಬಿಡುವವಳಲ್ಲ. ಹೋಗುತ್ತೇನೆಂದರೆ ಹೋಗಿಯೇ ಬಿಡುತ್ತಾಳೆ.

ಐದು ವರ್ಷದ ಹಿಂದೆ ಅವಳ ಮೊಣಕೈ ತಕರಾರು ತೆಗೆಯಿತು. ಹಲ್ಲುಜ್ಜುತ್ತಾ ಬ್ರಷ್ಷನ್ನು ಎಡಗೈಗೆ ಬದಲಾಯಿಸಿದ್ದನ್ನು ಕಂಡೆ. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಆ ವಾರ ಐವತ್ತೊಂಬತ್ತಕ್ಕೆ ಬಿಗಿದು, ರಾಕೆಟ್ಟಿಗೆ ಅಂಟಿಸುವ ಚೀಟಿಯಲ್ಲಿ ಅರವತ್ತು ಎಂದು ಬರೆದೆ. ಮಹಾರಾಣಿ ನಾಲ್ಕು ಚೆಂಡು ಹೊಡೆದು, "ನೋಡಿದ್ಯಾ ಅಕ್ಕ, ಕೈ ತಾನಾಗೇ ಸರಿಹೋಯ್ತು!" ಎಂದಳು. ಸರಿ, ಅಲ್ಲಿಂದ ಒಂದೊಂದೇ ಇಳಿಸುತ್ತಾ ಐವತ್ತೆರಡಕ್ಕೆ ಬಂದೆ. ಕೊನೆಯ ಎರಡು ಕಪ್ ಐವತ್ತೆರಡರಲ್ಲೇ ಬಂದವು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಈ ಸಲದ ಪಂದ್ಯಾವಳಿಯ ಮೊದಲ ದಿನ ಬೆಳಿಗ್ಗೆ ಹೋಟೆಲಿನ ಬಚ್ಚಲಲ್ಲಿ ಜಾರಿಬಿದ್ದೆ. ಬಲ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಪಟ್ಟಿ ಸುತ್ತಿ ಬಿಡುವಷ್ಟರಲ್ಲಿ ಮಧ್ಯಾಹ್ನ. ಎದ್ದೆನೋ ಬಿದ್ದೆನೋ ಎಂದು ಸ್ಟೇಡಿಯಂ ಸೇರಿ ಕೋಚ್ ಪಕ್ಕ ಕೂತರೆ, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಪುಟ್ಟಿಯಿಂದ ಮೊದಲ ಸೆಟ್ ಆಗಲೇ ಕಿತ್ತುಕೊಂಡಿದ್ದಳು.

"ರಾಕೆಟ್ ಯಾರು ಬಿಗಿದ್ರು?" ಎಂದೆ.

"ಇಲ್ಲಿನ ಗಟ್ಟಿಂಗ್ ರೂಮಿನವರು. ಅವಳೇ ಹೋಗಿ ಕೊಟ್ಟು ಬಂದ್ಲು. ಅರವತ್ತು, ಹೆಚ್ಚುಕಮ್ಮಿ ಆಗ್ಬಾರ್ದು ಅಂತ ಎರಡು ಸಲ ಹೇಳಿದ್ಲಂತೆ" ಎಂದರು ಕೋಚ್.

ಐವತ್ತೆರಡಕ್ಕೆ ಒಗ್ಗಿದ ಕೈಗೆ ನಿಜವಾದ ಅರವತ್ತು! ಪುಟ್ಟಿ ಹೊಡೆದದ್ದೆಲ್ಲ ಬಲೆಗೆ ಹೋಗುತ್ತಿತ್ತು. ಪ್ರತಿ ಹೊಡೆತಕ್ಕೂ ಮೊಣಕೈ ಒದರುತ್ತಿದ್ದಳು. ಸುಮ್ಮನಿದ್ದರೆ ಪಂದ್ಯವೂ ಹೋಗುತ್ತದೆ, ಕೈಯೂ ಹೋಗುತ್ತದೆ. ಬಾಯಿ ಬಿಟ್ಟರೆ ಇವಳೇ ಆಟ ಬಿಟ್ಟು ಹೋಗುತ್ತಾಳೆ. ಅಷ್ಟರಲ್ಲಿ ಅವಳು ಟವೆಲ್ಲಿಗೆಂದು ನಮ್ಮ ಮೂಲೆಗೆ ಬಂದಳು.

"ಪುಟ್ಟಿ, ಎರಡು ರಾಕೆಟ್ ವಾಪಸ್ ಕಳಿಸು. ಐವತ್ತೆರಡಕ್ಕೆ ಬಿಗಿದು ಕೊಡೋಕೆ ಹೇಳು."

"ತಲೆ ಕೆಟ್ಟಿದ್ಯಾ ನಿಂಗೆ? ನಂದು ಅರವತ್ತು."

"ಅಲ್ಲ ಕಣೇ. ಐದು ವರ್ಷದಿಂದ ಅಲ್ಲ."

ಅಂಪೈರುಗಳನ್ನು ಮಾತ್ರ ನೋಡುವ ನೋಟದಲ್ಲಿ ಅವಳು ನನ್ನನ್ನು ನೋಡಿದಳು. ಟವೆಲ್ಲು ನನ್ನ ಮುಖಕ್ಕೇ ಬಂದು ಬಿತ್ತು. ಆಮೇಲೆ ಕುರ್ಚಿಗೆ ಹೋಗಿ, ಎರಡು ರಾಕೆಟ್ ತೆಗೆದು ಕೋರ್ಟಿನ ಸಿಬ್ಬಂದಿಯ ಕೈಗಿಟ್ಟು, ಮೊದಲು ಐದು ಬೆರಳು, ನಂತರ ಎರಡು ಬೆರಳು ತೋರಿಸಿದಳು.

ರಾಕೆಟ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಹೇಗೋ ತಳ್ಳಿದಳು. ಬಂದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಆ ಹುಡುಗಿಯ ಮೇಲೋ, ನನ್ನ ಮೇಲೋ, ಯಾರ ಮೇಲಿನ ಸಿಟ್ಟೋ ಕಾಣೆ. ಉಳಿದೆರಡು ಸೆಟ್ಟನ್ನೂ ಗೆದ್ದಳು. ಆದರೆ ನನ್ನತ್ತ ತಿರುಗಿಯೂ ನೋಡಲಿಲ್ಲ.

ಪತ್ರಕರ್ತರ ಕೋಣೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಮುದುಡಿ ಕೂತೆ. ಆ ಬೆರಳುಗಳು ಟಿವಿಯಲ್ಲಿ ಎಲ್ಲರಿಗೂ ಕಂಡಿದ್ದವು. ಹಿರಿಯ ಪತ್ರಕರ್ತರೊಬ್ಬರು ಎದ್ದರು. "ಅರವತ್ತರಿಂದ ಇಳಿಸೋ ದಿನ ಮನೆಗೆ ಹೋಗ್ತೀನಿ ಅಂದಿದ್ರಿ. ಹಾಗಾದ್ರೆ ಇವತ್ತೇ ಕೊನೇನಾ?"

ಪುಟ್ಟಿ ನೀರು ಕುಡಿದಳು.

"ಆ ದಿನ ಐದು ವರ್ಷದ ಹಿಂದೇನೇ ಬಂದು ಹೋಯ್ತಂತೆ" ಎಂದಳು. "ನಮ್ಮಕ್ಕ ನಂಗೆ ಹೇಳಿರ್ಲಿಲ್ಲ. ಈಗ ಹೋಗೋಣ ಅಂದ್ರೆ ತುಂಬಾ ಲೇಟಾಯ್ತು."

ಕೋಣೆಯೆಲ್ಲ ಗೊಳ್ಳೆಂದಿತು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಹೋಟೆಲಿಗೆ ಬಂದವಳೇ ನನ್ನ ಕೋಣೆಯ ಮಂಚದ ಮೇಲೆ ಕುಸಿದು, ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟಳು. "ನೋಯುತ್ತೆ ಅಕ್ಕ" ಎಂದಳು. ಐದು ವರ್ಷದಲ್ಲಿ ಇದೇ ಮೊದಲು. ಮೊಣಕೈಗೆ ಐಸ್ ಇಟ್ಟು ಎಡಗೈಯಲ್ಲಿ ಮೆಲ್ಲಗೆ ಒತ್ತುತ್ತಾ ಕೂತೆ.

"ನಾಳಿದ್ದಿನ ಪಂದ್ಯಕ್ಕೆ ಎಷ್ಟು ಬಿಗಿಯೋಣ?" ಎಂದೆ.

ನನ್ನ ಕೈಗೆ ಪಟ್ಟಿಯಿದ್ದುದರಿಂದ ಮೆಷಿನ್ ಮುಂದೆ ಅವಳೇ ಕೂತಳು. ನಾನು ಹೇಳಿಕೊಡುತ್ತಾ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಆ ಮೆಷಿನ್ನಿನ ಗುಂಡಿ ಮುಟ್ಟಿದ್ದು. ತಿರುಗಿಸಿ ತಿರುಗಿಸಿ ತನ್ನ ಕೈಯಾರೆ ಐವತ್ತೊಂದಕ್ಕೆ ನಿಲ್ಲಿಸಿದಳು.