ಒಂದೇ ಒಲೆಯ ಸಾರು

ಯಾರನ್ನೂ ನಂಬದಿರುವುದೇ ನನ್ನ ಕಸುಬು. ನಾನು ಮೈಲಾರೆಪ್ಪ, ಬ್ಯಾಡಗಿ ಮಾರುಕಟ್ಟೆಯಲ್ಲಿ ಒಬ್ಬ ಖರೀದಿದಾರರ ಪರವಾಗಿ ಮೆಣಸಿನಕಾಯಿ ನೋಡುವವನು. ಚೀಲದ ಬಾಯಲ್ಲಿರುವ ಕಾಯಿ ನೋಡಿ ರೇಟು ಬರೆಸುವವನು ಈ ಊರಲ್ಲಿ ಒಂದು ವಾರ ಬಾಳುವುದಿಲ್ಲ. ಮೊಣಕೈ ಮುಳುಗುವವರೆಗೆ ಕೈ ಹಾಕಿ ನಡುವಿನ ಕಾಯಿ ತೆಗೆಯಬೇಕು, ಮುರಿಯಬೇಕು, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ ಹೋದ ವರ್ಷದ ಕಾಯಿ ಬೆರೆಸಿದ್ದಾರೋ ತಿಳಿದುಕೊಳ್ಳಬೇಕು. ಮೂವತ್ತು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದ ಕೂಡಲೇ ಸಾಧು ಆಗಲು ಸಾಧ್ಯವೇ? ನನಗಂತೂ ಆಗಲಿಲ್ಲ.

ಹೋದ ಸುಗ್ಗಿಯಲ್ಲಿ ಬಲಗಣ್ಣಿಗೆ ಪೊರೆ ಬಂತು. ಕೆಂಪು ಕಾಯಿ ಕಂದು ಕಾಣತೊಡಗಿತು. ಬಿಳಿಚಿಕೊಂಡ ಕಾಯಿಯ ಒಂದು ಲಾಟನ್ನು ನಾನು ಚಲೋ ಅಂದುಬಿಟ್ಟೆ. ನಮ್ಮ ಖರೀದಿದಾರ ಸಾಹುಕಾರರು ಬೈಯಲಿಲ್ಲ, ಅದೇ ಕೆಟ್ಟದ್ದು. "ಮೈಲಾರೆಪ್ಪ, ಮುಂದಿನ ಸುಗ್ಗಿ ಬರೂದ್ರೊಳಗ ಕಣ್ಣ ಮಾಡಿಸ್ಕೋ. ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡಬೇಕಾಗತೈತಿ" ಅಂದರು. ಜನವರಿಗೆ ಹೊಸ ಕಾಯಿ ಬರುತ್ತದೆ. ಅದಕ್ಕೆ ಮೊದಲು ಕಣ್ಣು ಬೇಕು. ಅದಿಲ್ಲದಿದ್ದರೆ ನಾನು ಮಾರುಕಟ್ಟೆಯಲ್ಲಿ ಚೀಲ ಹೊಲಿಯುವುದಕ್ಕೂ ಲಾಯಕ್ಕಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿ ಉಡಚವ್ವನನ್ನು ಕರೆದುಕೊಂಡು ಹಾವೇರಿಯ ಕಣ್ಣಿನ ಆಸ್ಪತ್ರೆಗೆ ಹೋದೆ. ಕಣ್ಣು ನೋಡುವ ಮೊದಲೇ ತೋಳಿಗೆ ಪಟ್ಟಿ ಸುತ್ತಿ ಬುಸ್ ಬುಸ್ ಎಂದು ಗಾಳಿ ಹೊಡೆದರು. ನೂರಾ ಎಪ್ಪತ್ತೆಂಟು, ನೂರಾ ನಾಲ್ಕು.

"ಇಷ್ಟ ಬಿ.ಪಿ. ಇಟ್ಕೊಂಡು ಕಣ್ಣಿಗೆ ಕೈ ಹಚ್ಚಾಕ ಆಗೂದಿಲ್ಲ" ಎಂದರು ಡಾಕ್ಟರು. "ದಿನಾ ಒಂದ ಗುಳಿಗಿ ನುಂಗ್ರಿ. ಉಪ್ಪು ಕಡಿಮಿ ಮಾಡ್ರಿ, ಮುಂಜಾನೆದ್ದು ನಡೀರಿ. ಒಂದ ದಿನಕ್ಕ ಆಗೂ ಮಾತಲ್ಲ, ಸಾವಕಾಶ ಇಳಸಬೇಕು. ಮೂರು ತಿಂಗಳ ಬಿಟ್ಟು ಬರ್ರಿ."

ಕಣ್ಣು ತೋರಿಸಲು ಹೋದವನಿಗೆ ರಕ್ತದ ಮಾತು! ಸಿಟ್ಟು ಬಂದು ಎದ್ದು ಹೊರಗೆ ನಡೆದೆ. ಉಡಚವ್ವ ಹತ್ತು ಹದಿನೈದು ನಿಮಿಷ ತಡವಾಗಿ ಬಂದಳು. ಚೀಟಿ ಬರೆಸಿಕೊಳ್ಳಲು ನಿಂತಿದ್ದಳೆಂದುಕೊಂಡು ನಾನು ಕೇಳಲೂ ಇಲ್ಲ.

ಆದರೆ ಬಿ.ಪಿ.ಯನ್ನು ಹಾಗೇ ಬಿಡುವವನಲ್ಲ ನಾನು. ಮರುದಿನವೇ ರಾಣೆಬೆನ್ನೂರಿಗೆ ಹೋಗಿ ಮೂರು ಮೆಡಿಕಲ್ ಅಂಗಡಿಗಳಲ್ಲಿ ನೋಡಿಸಿದೆ. ಒಬ್ಬ ನೂರಾ ಎಪ್ಪತ್ತೆರಡು ಅಂದ, ಇನ್ನೊಬ್ಬ ನೂರಾ ಎಪ್ಪತ್ನಾಲ್ಕು, ಮೂರನೆಯವ ನೂರಾ ಎಪ್ಪತ್ತು. ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿದ್ದರು. ನಾನು ಮಾರುಕಟ್ಟೆಯವನು. ಮೂರು ಖರೀದಿದಾರರು ಒಂದು ಲಾಟಿಗೆ ಎರಡೆರಡು ರೂಪಾಯಿ ಅಂತರದಲ್ಲಿ ರೇಟು ಬರೆದರೆ ಅದಕ್ಕೆ ಏನರ್ಥ? ಮೊದಲೇ ಮಾತಾಡಿಕೊಂಡಿದ್ದಾರೆ ಎಂದರ್ಥ. ಹಾವೇರಿಯಿಂದ ಇವರಿಗೆ ಫೋನು ಬಂದಿದೆ ಎಂದು ನನಗೆ ಖಾತ್ರಿಯಾಯಿತು. ಗುಳಿಗೆ ಮಾರುವವರ ಕೂಟ ಇದು.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಗುಳಿಗೆಯನ್ನು ತಪ್ಪದೆ ಹಾಳೆಯಿಂದ ಒತ್ತಿ ತೆಗೆದು, ತಪ್ಪದೆ ಬಚ್ಚಲಿಗೆ ಹಾಕಿದೆ. ಮಲಗುವ ಕೋಣೆಯಲ್ಲಿ ಖಾಲಿ ಹಾಳೆಗಳು ಬೆಳೆಯುತ್ತಿದ್ದವು. ಅವನ್ನು ನೋಡಿ ಉಡಚವ್ವನಿಗೆ ಸಮಾಧಾನವಾಗಲಿ ಎಂಬುದು ನನ್ನ ಉಪಾಯ.

ಹದಿನೈದು ದಿನಗಳಲ್ಲಿ ನನ್ನ ತಟ್ಟೆಯ ಮೇಲೆ ಯಾರೋ ಕೈಯಾಡಿಸುತ್ತಿದ್ದಾರೆ ಅನ್ನಿಸತೊಡಗಿತು. ಮೊದಲು ಹಪ್ಪಳ ಮಾಯವಾಯಿತು. ಕೇಳಿದರೆ "ತೀರ್‍ಯಾವು" ಅಂದಳು. ಆಮೇಲೆ ಉಪ್ಪಿನಕಾಯಿಯ ಭರಣಿ ಕೈಗೆಟುಕುವ ಗೂಡಿನಿಂದ ಅಟ್ಟಕ್ಕೆ ಏರಿತು. ಹುರಿದ ಮಜ್ಜಿಗೆ ಮೆಣಸಿನಕಾಯಿ ವಾರಕ್ಕೊಮ್ಮೆ ಆಯಿತು. ರೊಟ್ಟಿಯ ಪಕ್ಕದಲ್ಲಿ ಹಸಿ ಸೌತೆಕಾಯಿ, ಮೆಂತೆ ಸೊಪ್ಪು, ಈರುಳ್ಳಿ ಗುಡ್ಡೆ ಬೀಳತೊಡಗಿದವು. ಸಾರಿಗೆ ನಿಂಬೆಹಣ್ಣು ಜಾಸ್ತಿಯಾಯಿತು. ಖಾರ ಇದೆ, ಹುಳಿ ಇದೆ, ಬಣ್ಣ ನಮ್ಮೂರಿನದೇ, ಆದರೂ ಏನೋ ಕಳೆದುಹೋಗಿದೆ. ಅದು ಒಮ್ಮೆಲೇ ಕಳೆದಿರಲಿಲ್ಲ. ವಾರಕ್ಕೊಂದು ಚಿಟಿಕೆಯಂತೆ ಯಾರೋ ಕದಿಯುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ. ತಾಯಿ ಹೋಗಿ ಎಂಟು ವರ್ಷ, ಈಗ ಉಪ್ಪೂ ಹೊರಟಿತ್ತು.

"ಸಾರಿಗೆ ಉಪ್ಪ ಹಾಕೀಯೇನ?"

"ಹಾಕೇನಲ್ರಿ."

"ಎಷ್ಟ ಹಾಕೀದಿ?"

"ಎಷ್ಟ ಬೇಕೋ ಅಷ್ಟ." ಅವಳು ಮುಖ ತಿರುಗಿಸದೆ ರೊಟ್ಟಿ ಬಡಿಯುತ್ತಿದ್ದಳು.

ಡಾಕ್ಟರಿಗೂ ಇವಳಿಗೂ ಒಳಒಪ್ಪಂದವಾಗಿದೆ ಎಂದು ನನಗೆ ತಿಳಿಯಿತು. ನಾನೇನು ಕಡಿಮೆಯೇ? ಕಾಗದದ ಪೊಟ್ಟಣದಲ್ಲಿ ಉಪ್ಪು ಕಟ್ಟಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಅವಳು ಅತ್ತ ತಿರುಗಿದಾಗ ಸಾರಿಗೆ ಉದುರಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮಾರುಕಟ್ಟೆಯ ಹೋಟೆಲಿನಲ್ಲಿ ಎರಡು ಮಿರ್ಚಿ ಭಜಿ, ಒಂದು ಪ್ಲೇಟು ಮಂಡಕ್ಕಿ. ನನ್ನ ಜೊತೆ ಕಾಯಿ ನೋಡುವ ಅಶ್ಫಾಕ ಒಂದು ದಿನ, "ಮೈಲಾರೆಪ್ಪಣ್ಣ, ನಿಮಗ ಬಿ.ಪಿ. ಅಂತಲ್ಲ?" ಎಂದ. ಅವನಿಗೆ ಯಾರು ಹೇಳಿದರು ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಹೇಳಿದವನು ನಾನೇ ಎಂಬುದು ಆಮೇಲೆ ನೆನಪಾಯಿತು.

ಅಕ್ಟೋಬರಿನಲ್ಲಿ ಇನ್ನೊಂದು ಶುರುವಾಯಿತು. ಉಡಚವ್ವ ಬೆಳಿಗ್ಗೆ ಆರಕ್ಕೆ ಚಪ್ಪಲಿ ಮೆಟ್ಟಿ ಹೊರಗೆ ಹೊರಟಳು.

"ಎಲ್ಲಿಗೆ?"

"ಹಣಮಪ್ಪನ ಗುಡಿಗೆ."

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಶನಿವಾರ ಬಿಟ್ಟು ಗುಡಿಗೆ ಹೋಗದವಳಿಗೆ ದಿನಾ ಭಕ್ತಿ ಉಕ್ಕಿದರೆ ಗಂಡನಾದವನು ಏನೆಂದುಕೊಳ್ಳಬೇಕು? ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದು ನಾನೂ ನಡೆದೆ. ಅವಳು ಗುಡಿಗೆ ಹೋದಳು, ಕೈ ಮುಗಿದಳು, ಮನೆಗೆ ಬಂದಳು. ಮರುದಿನವೂ ಅಷ್ಟೆ. ಮುಂದಿನ ವಾರ ಗುಡಿ ದಾಟಿ ದೊಡ್ಡ ಬೇವಿನಮರದವರೆಗೆ ಹೋಗಿ ತಿರುಗಿದಳು. ಅದರ ಮುಂದಿನ ವಾರ ಮೋಟೆಬೆನ್ನೂರಿನ ರಸ್ತೆಗೇ ಬಿದ್ದಳು. ನಾನು ಹಿಂದೆ ಹಿಂದೆ. ಮೊದಮೊದಲು ಏದುಸಿರು ಬಂದು ಕಲ್ಲಿನ ಮೇಲೆ ಕೂರುತ್ತಿದ್ದೆ. ನವೆಂಬರ್ ಮುಗಿಯುವ ಹೊತ್ತಿಗೆ ಅವಳು ಎಷ್ಟು ಬೀಸಿ ನಡೆದರೂ ನನ್ನ ಕಣ್ಣು ತಪ್ಪಿಸಲಾಗುತ್ತಿರಲಿಲ್ಲ, ಅದೂ ಒಂದೇ ಕಣ್ಣು. ಪತ್ತೇದಾರಿಕೆಯಲ್ಲಿ ನುರಿತೆ ಎಂದು ಹೆಮ್ಮೆಪಟ್ಟೆ.

ಡಿಸೆಂಬರಿನ ಮೊದಲ ಗುರುವಾರ ಮಾರುಕಟ್ಟೆಯಲ್ಲಿ ಕಾಯಿ ಕಡಿಮೆ ಬಂದಿತ್ತು. ಹನ್ನೊಂದಕ್ಕೇ ಮನೆಗೆ ಬಂದರೆ ಬಾಗಿಲಿಗೆ ಬೀಗ. ಎದುರುಮನೆಯ ಪ್ರಿಯಾಂಕಾ, "ಕಾಕಿ ಗುರುವಾರಕ್ಕೊಮ್ಮೆ ಹೋಗ್ತಾರಲ್ರಿ, ನಿಮಗ ಗೊತ್ತಿಲ್ಲೇನ್ರಿ?" ಎಂದಳು. ಗುರುವಾರ ಎಂದರೆ ಮಾರುಕಟ್ಟೆಯ ದಿನ. ನಾನು ಸಂಜೆಯವರೆಗೂ ಬರುವುದಿಲ್ಲವೆಂದು ಖಾತ್ರಿ ಇರುವ ದಿನ.

ಸಂಜೆ ಏನೂ ಗೊತ್ತಿಲ್ಲದವನಂತೆ ಕೇಳಿದೆ. "ಇವತ್ತ ಎಲ್ಲರ ಹೋಗಿದ್ದೇನ?"

"ಮೋಟೆಬೆನ್ನೂರಿಗೆ, ಅಕ್ಕನ ಮನಿಗೆ" ಎಂದಳು.

ಅವಳ ಅಕ್ಕನಿಗೆ ಫೋನು ಮಾಡಿದೆ. "ಉಡಚಿ ಬರ್ಲಾರದ ಎರಡ ತಿಂಗಳಾತು, ಆರಾಮ ಅದಾಳಿಲ್ಲೋ?" ಎಂದು ಅವಳೇ ನನ್ನನ್ನು ಕೇಳಿದಳು.

ಆ ವಾರ ಹೇಗೆ ಕಳೆಯಿತೆಂದು ಹೇಳಲಾರೆ. ಐವತ್ತೇಳರ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಅನುಮಾನ ಪಡುವುದು ನಾಚಿಕೆಗೇಡು, ಆದರೂ ಪಟ್ಟೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನನಗೆ ಕಣ್ಣಿನ ಪೊರೆಯ ಮೇಲೆ ಕಾಮಾಲೆಯೂ ಹತ್ತಿದಂತಾಗಿತ್ತು. ಅವಳು ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಏನು ಮುಚ್ಚಿಡುತ್ತಿದ್ದಾಳೆ. ರಾತ್ರಿ ಊಟ ಸೇರಲಿಲ್ಲ.

ಮುಂದಿನ ಗುರುವಾರ ಸಾಹುಕಾರರಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಓಣಿಯ ಮೂಲೆಯ ಹಿಟ್ಟಿನ ಗಿರಣಿಯಲ್ಲಿ ಕುಳಿತೆ. ಹತ್ತೂವರೆಗೆ ಉಡಚವ್ವ ಕೈಚೀಲ ಹಿಡಿದು ಹೊರಟಳು. ಹಿಂದೆ ಬಿದ್ದೆ. ಅವಳು ಎರಡು ಓಣಿ ದಾಟಿ ಆರೋಗ್ಯ ಕೇಂದ್ರದ ಒಳಗೆ ಹೋದಳು. ನನಗೆ ಜೀವ ಬಂದಂತಾಯಿತು, ಬೆನ್ನಿಗೇ ಸಿಟ್ಟೂ ಬಂತು. ನನ್ನ ವರದಿ ಒಪ್ಪಿಸಲು ಬಂದಿದ್ದಾಳೆ! ಎಷ್ಟು ತಿಂದ, ಎಷ್ಟು ಬಿಟ್ಟ, ಎಷ್ಟು ದೂರ ನಡೆದ ಎಂಬ ಲೆಕ್ಕ ಕೊಡುತ್ತಿದ್ದಾಳೆ! ಕೈಗೆ ಸಿಕ್ಕ ಕಳ್ಳನನ್ನು ಬಿಡಬಾರದೆಂದು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

ಉಡಚವ್ವ ಸ್ಟೂಲಿನ ಮೇಲೆ ಕುಳಿತಿದ್ದಳು. ನರ್ಸ್ ಶಿಲ್ಪಾ ಅವಳ ತೋಳಿಗೆ ಪಟ್ಟಿ ಸುತ್ತುತ್ತಿದ್ದಳು.

"ನನ್ನ ಚಾಡಿ ಹೇಳಾಕ ವಾರಾ ವಾರಾ ಬರ್ತೀಯೇನ?" ಎಂದು ಕೂಗಿದೆ.

"ಕಾಕಾ, ಒದರಬ್ಯಾಡ್ರಿ, ಬಿ.ಪಿ. ತಪ್ಪ ಬರತೈತಿ" ಎಂದಳು ಶಿಲ್ಪಾ. "ಕಾಕಿ, ನೀವು ಸುಮ್ನ ಉಸರಾಡ್ರಿ."

"ಆಕಿ ಬಿ.ಪಿ. ಯಾಕ? ಬಿ.ಪಿ. ಇರೂದು ನನಗ!"

ಶಿಲ್ಪಾ ಉಡಚವ್ವನ ಮುಖ ನೋಡಿದಳು. ಉಡಚವ್ವ ತಲೆಯಾಡಿಸಿದ ಮೇಲೆ ಮೇಜಿನ ಮೇಲಿದ್ದ ಹಳದಿ ಕಾರ್ಡನ್ನು ನನ್ನ ಕಡೆ ಸರಿಸಿದಳು. ಎಡಗಣ್ಣಿನ ಹತ್ತಿರ ಹಿಡಿದು ಓದಿದೆ. ಉಡಚವ್ವ ಮೈಲಾರೆಪ್ಪ. ಸೆಪ್ಟೆಂಬರ್, ಹಾವೇರಿ: ನೂರಾ ತೊಂಬತ್ತಾರು, ನೂರಾ ಹನ್ನೆರಡು. ನನಗಿಂತ ಹದಿನೆಂಟು ಹೆಚ್ಚು. ಅದರ ಕೆಳಗೆ ಗುರುವಾರ ಗುರುವಾರ ಸಣ್ಣಗೆ ಇಳಿಯುತ್ತ ಹೋದ ಅಂಕಿಗಳು. ಹೋದ ವಾರದ್ದು ನೂರಾ ಮೂವತ್ತಾರು, ಎಂಬತ್ನಾಲ್ಕು.

"ಅವತ್ತ ನೀವು ಸಿಟ್ಟ ಮಾಡಿ ಹೊರಗ ಹೋದಿರಲ್ಲ" ಎಂದಳು ಉಡಚವ್ವ. "ಅಲ್ಲಿ ಸಿಸ್ಟರು, ಅವ್ವಾರ, ನಿಮ್ದೂ ಒಮ್ಮಿ ನೋಡ್ತೇನಿ ಬರ್ರಿ ಅಂದ್ಲು. ನೋಡಿದಾಕಿ ಗಾಬರಿ ಆದ್ಲು. ಇನ್ನಷ್ಟ ದಿನ ಹಿಂಗ ಬಿಟ್ಟಿದ್ರ ಲಕ್ವಾ ಹೊಡೀತಿತ್ತಂತ ಡಾಕ್ಟರು ಅಂದ್ರು."

ನಾನು ಬೆಂಚಿನ ಮೇಲೆ ಕುಳಿತೆ.

"ಮತ್ತ ಆ ಸಾರು? ಹಪ್ಪಳ? ಉಪ್ಪಿನಕಾಯಿ?"

"ನನಗಂತ ಮಾಡ್ಕೊಂಡೇನ್ರಿ. ಒಮ್ಮೆಲೇ ಬಿಟ್ರ ಬಾಯಿ ಒಪ್ಪೂದಿಲ್ಲ, ವಾರಕ್ಕೊಂದ ಚಿಟಿಕಿ ತಗೀರಿ ಅಂತ ಶಿಲ್ಪಾ ಹೇಳಿದ್ಲು, ಹಂಗ ತಗದೆ. ಒಂದ ಒಲಿ ಮ್ಯಾಲ ಎರಡ ಸಾರು ಯಾರ ಮಾಡ್ತಾರ? ನೀವೂ ಅದನ್ನ ಉಂಡ್ರಿ."

ಮನೆಯಲ್ಲಿ ಒಂದು ಪಾತ್ರೆ ಅಲುಗಿದರೂ ಅದು ನನ್ನ ಸಲುವಾಗಿಯೇ ಎಂದು ಇಪ್ಪತ್ತೊಂಬತ್ತು ವರ್ಷ ತಿಳಿದುಕೊಂಡಿದ್ದೆ. ಅವಳಿಗೂ ಒಂದು ಮೈ ಇದೆ, ಅದರೊಳಗೂ ರಕ್ತ ಓಡುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ನನಗ ಒಂದ ಮಾತ ಹೇಳಬಾರ್ದಿತ್ತೇನ?"

"ಹೇಳಿದ್ರ ಏನಂತಿದ್ರಿ? ಎಲ್ಲಾರೂ ಕೂಡಿ ಮೋಸ ಮಾಡಾಕತ್ತಾರ ಅಂತಿದ್ರಿ. ನಿಮ್ಮ ಗುಳಿಗಿ ಬಚ್ಚಲಕ್ಕ ಹಾಕಿದಂಗ ನನ್ನವೂ ಹಾಕ್ತಿದ್ರಿ."

"ನೋಡೀದೇನ?"

"ಬಚ್ಚಲಾ ತಿಕ್ಕಾಕಿ ನಾನಲ್ಲೇನ್ರಿ? ಮೂರು ಸಲ ಗುಳಿಗಿ ಅಂತ ಬಾಯಿ ತಗದೆ, ಮೂರು ಸಲಾನೂ ಎದ್ದ ಹೋದ್ರಿ. ಕಿಸೇದಾಗಿನ ಉಪ್ಪೂ ನೋಡೇನಿ. ಹಿಂದ ಬರೂದೂ ಗೊತ್ತಿತ್ತು. ಅದೊಂದರ ಬರ್ಲಿ ಅಂತ ಇನ್ನಷ್ಟ ದೂರ ದೂರ ನಡದೆ. ಅದಕ್ಕಿಂತ ಹೆಚ್ಚಿಗಿ ನನ್ನ ಕೈಲೆ ಆಗಲಿಲ್ಲ. ನನ್ನ ಜೀವಾನ ಮೊದಲ ಉಳಿಸ್ಕೋಬೇಕಾಗಿತ್ತು."

ಶಿಲ್ಪಾ ಆ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದಳು. ಕೈ ಎಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ನೂರಾ ಅರವತ್ತೆರಡು, ತೊಂಬತ್ತೆಂಟು.

"ಸ್ವಲ್ಪ ಇಳದೈತ್ರಿ ಕಾಕಾ, ಕಾಕಿ ಹಿಂದ ನಡದದ್ದಕ್ಕ, ಆಕಿ ಸಾರು ಉಂಡದ್ದಕ್ಕ" ಎಂದಳು. "ಗುಳಿಗೀನೂ ನುಂಗಿದ್ರ ಇಷ್ಟೊತ್ತಿಗೆ ನಿಮ್ಮ ಕಣ್ಣಿನ ಆಪರೇಶನ್ ಆಗಿರ್ತಿತ್ತೇನೋ. ಈಗ ಮತ್ತ ಮೊದಲಿಂದ. ಇನ್ನೂ ಎರಡ ತಿಂಗಳರ ಬೇಕು."

ಎರಡು ತಿಂಗಳು ಎಂದರೆ ಫೆಬ್ರುವರಿ. ಅಷ್ಟರಲ್ಲಿ ಸುಗ್ಗಿ ಅರ್ಧ ಮುಗಿದಿರುತ್ತದೆ. ನನ್ನ ಜಾಗದಲ್ಲಿ ಅಶ್ಫಾಕನೋ ಇನ್ನೊಬ್ಬನೋ ಸಾಹುಕಾರರ ಚೀಲಗಳಿಗೆ ಕೈ ಹಾಕುತ್ತಿರುತ್ತಾನೆ. ಯಾರಾದರೂ ಮೋಸ ಮಾಡಿದ್ದರೆ ಅವರನ್ನಾದರೂ ಬೈಯಬಹುದಿತ್ತು. ಹಾವೇರಿಯವರು ಖರೇ ಹೇಳಿದ್ದರು, ರಾಣೆಬೆನ್ನೂರಿನ ಮೂವರೂ ಖರೇ ಹೇಳಿದ್ದರು. ನನ್ನ ಬಿ.ಪಿ. ವಿಷಯದಲ್ಲಿ ಸುಳ್ಳು ಆಡಿದವನು ನಾನೊಬ್ಬನೇ.

ಶಿಲ್ಪಾ ಗುಳಿಗೆ ಕೊಟ್ಟಳು. ಉಡಚವ್ವ ಮೂಲೆಯ ಕೊಡದಿಂದ ಒಂದು ಲೋಟ ನೀರು ತುಂಬಿ ತಂದಳು. ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಖಾಲಿ ಲೋಟ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಹತ್ತಿರ ಬಂದು ನನ್ನ ಗದ್ದ ಹಿಡಿದಳು.

"ಬಾಯಿ ತಗೀರಿ" ಎಂದಳು. ತೆಗೆದೆ.

"ನಾಲಿಗಿ ಎತ್ರಿ."

ನರ್ಸಿನ ಎದುರಿಗೇ ಎತ್ತಿದೆ. ಅವಳು ಬಗ್ಗಿ ಒಳಗೆಲ್ಲ ನೋಡಿದಳು.