ಪರದೆಗೆ ಬೆನ್ನು ಹಾಕಿ ನಿಂತವರು

ಅವರ ಮುಖಕ್ಕಿಂತ ಬೆನ್ನನ್ನು ಬಲ್ಲವರೇ ನಮ್ಮ ಬೀದಿಯಲ್ಲಿ ಹೆಚ್ಚು. ಬಳಸಿ ಹಳತಾದ ಕಂಪ್ಯೂಟರುಗಳ ಒಳಗಿನದನ್ನೆಲ್ಲ ಪೂರ್ತಿ ಒರೆಸಿ, ಅವನ್ನು ನಡೆಸುವ ವ್ಯವಸ್ಥೆಯನ್ನು ಹೊಸದಾಗಿ ತುಂಬಿ, ಮತ್ತೊಂದು ಆಯುಷ್ಯ ಕೊಟ್ಟು ಕಳಿಸುವುದು ಅವರ ಕಾಯಕ. ಗಿರಾಕಿ ತನ್ನ ಯಂತ್ರದ ಮುಂದೆ ಕುಳಿತು ಪರದೆ ಬೆಳಗಿತೋ ಇಲ್ಲವೋ, ಇವರು ಗಿರ್ರನೆ ತಿರುಗಿ, ಕೈಗಳೆರಡನ್ನೂ ಹಿಂದೆ ಕಟ್ಟಿಕೊಂಡು, ಗೋಡೆಯ ಸುಣ್ಣದಲ್ಲಿ ಯಾವುದೋ ಶಾಸನ ಓದುವವರಂತೆ ನಿಂತುಬಿಡುತ್ತಾರೆ. ಆಗ ಗಿರಾಕಿಗೆ ಕಾಣುವುದು ಬೂದು ಬಣ್ಣದ ಒಂದು ಕೋಟು, ಅದರ ಬೆನ್ನಿನ ನಡುವೆ ಬಿಚ್ಚಿಕೊಂಡ ಒಂದು ಗೇಣು ಹೊಲಿಗೆ, ಮೇಲೆ ಎರಡು ಕೆಂಪು ಕಿವಿ.

ಮೊದಮೊದಲು ಪಡ್ಡೆಗಳು ಅವರಿಗೆ ಅಳಿಸಪ್ಪ ಎಂದು ಹೆಸರಿಟ್ಟಿದ್ದರು. ಯಾರನ್ನೂ ಅಳಿಸದ ಮನುಷ್ಯನಿಗೆ ಅದು ಒಗ್ಗದೆ ಒರೆಸಪ್ಪ ಎಂಬುದು ನಿಂತಿತು. ಕಿಟಕಿಯೇ ಇಲ್ಲದ ಅಂಗಡಿಯಲ್ಲಿ ಕುಳಿತು ದಿನಕ್ಕೆ ನಾಲ್ಕು ಕಡೆ ವಿಂಡೋಸ್ ಕೂರಿಸುವವರು ಎಂದು ಹಾಸ್ಯ ಮಾಡಿದರೆ, ಅವರೂ ಸೇರಿಕೊಂಡು ನಗುತ್ತಾರೆ. ನಡಿಗೆ ಮಾತ್ರ ನಗುವಂಥದ್ದಲ್ಲ; ಇಪ್ಪತ್ತೆರಡು ವರ್ಷ ಜನರ ಮನೆಯಿಂದ ಪೆಟ್ಟಿಗೆಗಳನ್ನು ಕಂಕುಳಲ್ಲಿ ಎತ್ತಿ ತಂದು ತಂದು, ಬರಿಗೈಯಲ್ಲಿ ನಡೆಯುವಾಗಲೂ ಎಡಗಡೆ ಒಂದು ಕಾಣದ ಕೂಸನ್ನು ಹೊತ್ತವರಂತೆ ಸೊಂಟ ವಾಲಿಸಿ ನಡೆಯುತ್ತಾರೆ.

ಯಂತ್ರಗಳನ್ನು ಅವರು ಬಹುವಚನದಲ್ಲೇ ಮಾತಾಡಿಸುವುದು. “ಇವರು ಇನ್ನೂ ಎದ್ದಿಲ್ಲ.” “ಇವರಿಗೆ ಸ್ವಲ್ಪ ಉಬ್ಬಸ, ಫ್ಯಾನಿನಲ್ಲಿ ಧೂಳು.” ಅದೇ ಅಂಗಡಿಯ ಬಾಗಿಲ ಬಳಿ ಜೆರಾಕ್ಸ್ ಯಂತ್ರ ನಡೆಸುವ ಅವರ ಹೆಂಡತಿ ಬಂದವರಿಗೆಲ್ಲ ಒಮ್ಮೆಯಾದರೂ ಹೇಳದೆ ಬಿಡುವುದಿಲ್ಲ: “ಡಬ್ಬಕ್ಕೆ ಬಹುವಚನ, ಹೆಂಡತಿಗೆ ಏಕವಚನ. ನಾನೂ ಒಂದಿನ ಕೆಟ್ಟು ನಿಂತರೆ ‘ಅವರು’ ಅಂತಾರೇನೋ.”

ಒರೆಸುವ ಮುನ್ನ ಯಂತ್ರದ ಒಡೆಯರೇ ಬಂದು ಕೂರಬೇಕು, ಒಳಗಿರುವುದನ್ನೆಲ್ಲ ತಾವೇ ಒಮ್ಮೆ ನೋಡಬೇಕು, ಕೊನೆಯ ಗುಂಡಿಯನ್ನು ತಾವೇ ಒತ್ತಬೇಕು. ಇದು ಒರೆಸಪ್ಪನವರ ಕಟ್ಟಳೆ. ‘ಏನೂ ಇಲ್ಲ ಒಳಗೆ, ಒರೆಸಿಬಿಡಿ’ ಎಂಬ ಮಾತನ್ನು ಅವರು ನಂಬುವುದೇ ಇಲ್ಲ. ಹಾಗೆ ಹೇಳಿಕೊಂಡು ಬಂದ ವಕೀಲರೊಬ್ಬರು ಎರಡು ಗಂಟೆ ಹಳೆಯ ಫೋಟೋಗಳನ್ನು ನೋಡುತ್ತ ಕುಳಿತು, ಕಡೆಗೆ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಕೊಂಡು ಹೋದರು; ಅಂದು ಅಲ್ಲಿ ಒರೆಸಿದ್ದು ವಕೀಲರ ಮೂಗು ಮಾತ್ರ. ಅಷ್ಟು ಹೊತ್ತೂ ಇವರು ಗೋಡೆ ನೋಡುತ್ತಲೇ ನಿಂತಿದ್ದರು. ಹರೆಯದಲ್ಲಿ ಅವರು ಕೆಲಸ ಕಲಿತ ಅಂಗಡಿಯಲ್ಲಿ ರಿಪೇರಿಗೆ ಬಂದ ಯಂತ್ರಗಳ ಖಾಸಗಿ ಚಿತ್ರಗಳನ್ನು ಊಟದ ಹೊತ್ತಿನಲ್ಲಿ ಎಲ್ಲರೂ ಸುತ್ತ ನೆರೆದು ನೋಡುತ್ತಿದ್ದರಂತೆ. ಒಂದು ದಿನ ಆ ಗುಂಪಿನಲ್ಲಿ ತಾವೂ ನಕ್ಕರಂತೆ; ಮರುದಿನ ಅಲ್ಲಿಗೆ ಹೋಗಲಿಲ್ಲ. ಅದಕ್ಕಿಂತ ಹೆಚ್ಚಿಗೆ ಆ ಬಗ್ಗೆ ಅವರು ಹೇಳಿದ್ದನ್ನು ಯಾರೂ ಕೇಳಿಲ್ಲ.

ಈ ಕಟ್ಟಳೆಯೇ ಅವರನ್ನು ಕೆಡವಿದ್ದು ಹೊಲಿಗೆಯಕ್ಕನ ಕಂಪ್ಯೂಟರಿನ ವಿಷಯದಲ್ಲಿ.

ಹೊಲಿಗೆಯಕ್ಕ ಎಂದರೆ ಎರಡು ಬೀದಿ ಆಚೆ, ಸಿದ್ಧ ಉಡುಪು ಒಪ್ಪದ ಮೈಗಳಿಗೆಂದೇ ಬಟ್ಟೆ ಹೊಲಿಯುವಾಕೆ. ಗೂನು ಬೆನ್ನು, ಒಂದು ತೋಳು, ಗಾಲಿಕುರ್ಚಿಯಲ್ಲೇ ದಿನ ಕಳೆಯುವ ಕಾಲು, ಶಸ್ತ್ರಚಿಕಿತ್ಸೆಯಾದ ಎದೆ. ಇಂಥ ನಾನೂರ ಹನ್ನೆರಡು ಮೈಗಳ ಅಳತೆಯನ್ನೂ ಕತ್ತರಿಸುವ ನಕ್ಷೆಯನ್ನೂ ಒಂಬತ್ತು ವರ್ಷ ಕೂತು ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿದ್ದರು. ಕಾಗದದ ನಕ್ಷೆಗಳನ್ನು ಜಿರಳೆ ಕಾಟಕ್ಕೆ ಅವರ ಅತ್ತೆ ಹಿಂದಿನ ವರ್ಷವೇ ಸುಟ್ಟಿದ್ದರು. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಆ ಯಂತ್ರ ಈಗ ಒಂದು ಗೆರೆ ಎಳೆಯಲು ಒಂದು ನಿಟ್ಟುಸಿರು ಬಿಡುವಷ್ಟು ಜಡವಾಗಿತ್ತು. ಒಳಗೆ ಒಂದೇ ಗಾತ್ರದ ಎರಡು ಡಿಸ್ಕುಗಳು: ಒಂದು ಯಂತ್ರ ನಡೆಸುವುದಕ್ಕೆ, ಇನ್ನೊಂದು ಉಗ್ರಾಣ. ‘ಬೇಕಾದ್ದನ್ನೆಲ್ಲ ಉಗ್ರಾಣಕ್ಕೆ ಸೇರಿಸಿಡಿ, ನಡೆಸುವುದನ್ನು ಮಾತ್ರ ಒರೆಸೋಣ’ ಎಂದು ಒರೆಸಪ್ಪನವರು ಹೇಳಿದ್ದರು. ಅಕ್ಕ ಹಿಂದಿನ ಸಂಜೆ ಹಾಗೆಯೇ ಮಾಡಿ, ಯಂತ್ರವನ್ನು ಆರಿಸಿ, ಬೆಳಿಗ್ಗೆ ಹೊತ್ತು ತಂದರು.

ಇವರು ಪೆಟ್ಟಿಗೆ ಬಿಚ್ಚಿ, ಬಣ್ಣದ ಬ್ರಷ್ಷಿನಿಂದ ಧೂಳು ಕೊಡವಿ, ವೈರುಗಳನ್ನು ಮತ್ತೆ ಸಿಕ್ಕಿಸಿ, ಅಕ್ಕನನ್ನು ಕೂರಿಸಿ, ಎಂದಿನಂತೆ ಬೆನ್ನು ಹಾಕಿದರು.

“ಎರಡು ಡಿಸ್ಕಿನ ಪಟ್ಟಿ ಬಂತಲ್ಲ, ಮೇಲಿನ ಸಾಲು ಆರಿಸಿ ಅಕ್ಕ. ಅದೇ ಒರೆಸಬೇಕಾದ್ದು.”

“ಎರಡೂ ಅವಳಿ ಮಕ್ಕಳ ಥರ ಇವೆಯಲ್ಲ ಅಣ್ಣ. ಒಂದ್ಸಲ ತಿರುಗಿ ನೋಡಬಾರದಾ?”

“ಮೇಲಿನದೇ. ನನಗೆ ಗೊತ್ತು. ಸಮಾಧಾನವಾಗಿ ಒತ್ತಿ.”

ಒತ್ತಿದರು. ಅರ್ಧ ಗಂಟೆಯಲ್ಲಿ ಹೊಸ ವ್ಯವಸ್ಥೆ ಮದುಮಗನಂತೆ ಎದ್ದು ಕುಳಿತಿತು. ಉಗ್ರಾಣ ತೆರೆದರೆ ಅಲ್ಲಿ ಹಳೆಯ ವ್ಯವಸ್ಥೆಯೇ ಕಾಲು ಚಾಚಿ ಮಲಗಿತ್ತು. ಧೂಳು ಕೊಡವುವಾಗ ವೈರುಗಳು ಅದಲುಬದಲಾಗಿದ್ದವು. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಒರೆಸಿಹೋದದ್ದು ಉಗ್ರಾಣ.

“ಹಳೇದರಲ್ಲಿ ಮೂಲ ಇರುತ್ತಲ್ಲ ಅಕ್ಕ. ಕಾಪಿ ಮಾಡಿ ತಾನೆ ಇಟ್ಟಿದ್ದು?”

“ಕಾಪಿ ಎಲ್ಲಿ ಅಣ್ಣ, ಕಟ್ ಮಾಡಿ ಅಂಟಿಸಿದೆ. ಹೊಲಿಯೋರಿಗೆ ಕೈ ಮೊದಲು ಹೋಗೋದು ಕತ್ತರಿಗೇ.”

ಅಕ್ಕ ಕೂಗಾಡಲಿಲ್ಲ. “ಎಲ್ಲರನ್ನೂ ಕರೆದು ಮತ್ತೆ ಅಳತೆ ತೆಗೀಬೇಕು,” ಎಂದರು. “ಕೆಲವರು ಈಗ ಎದ್ದು ನಿಲ್ಲೋ ಸ್ಥಿತಿಯಲ್ಲಿಲ್ಲ. ಅವರದು ನಿಂತಾಗಿನ ಅಳತೆ ಇದ್ದದ್ದು ಇದರಲ್ಲೇ.”

ಒತ್ತಿದ ಬೆರಳು ಅಕ್ಕನದು. ಆ ಕಟ್ಟಳೆಯ ನೆರಳಿನಲ್ಲಿ ಒರೆಸಪ್ಪನವರು ಕೈ ತೊಳೆದುಕೊಳ್ಳಬಹುದಿತ್ತು; ಬೇರೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಬಾಗಿಲಲ್ಲಿ ಜೆರಾಕ್ಸ್ ಯಂತ್ರದ ಸದ್ದು ನಿಂತಿತು. ಗಂಡ ಏನು ಹೇಳುತ್ತಾರೆಂದು ಹೆಂಡತಿ ಕಾಯುತ್ತಿದ್ದರು.

“ವೈರು ಅದಲುಬದಲು ಹಾಕಿದ್ದು ನಾನು. ನೋಡದೆ ಹೇಳಿದ್ದೂ ನಾನೇ. ನಿಮ್ಮದೇನೂ ತಪ್ಪಿಲ್ಲ ಅಕ್ಕ.”

ಆಮೇಲೆ ಅವರಿಗೆ ಒಂದು ಹೊಳೆಯಿತು. ಕಟ್ ಮಾಡಿದ ಕಡತ ಕೂಡಲೇ ನಾಶವಾಗುವುದಿಲ್ಲ. ಯಂತ್ರ ಮನೆಯ ಹೆಸರಿನ ಹಲಗೆಯನ್ನಷ್ಟೇ ಕಿತ್ತೆಸೆಯುತ್ತದೆ, ಒಳಗಿನವರು ಹೊಸ ಒಕ್ಕಲು ಬರುವವರೆಗೂ ಅಲ್ಲೇ ಇರುತ್ತಾರೆ. ಒರೆಸಬೇಕಾಗಿದ್ದ ಹಳೆಯ ಡಿಸ್ಕು ಅವರ ತಪ್ಪಿನ ದೆಸೆಯಿಂದಲೇ ಒರೆಸದೆ ಉಳಿದಿತ್ತು. ಅದನ್ನು ಬೇರೆ ಮಾಡಿ, ಹುಡುಕುವ ತಂತ್ರಾಂಶ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕಡತಗಳು ಒಂದೊಂದಾಗಿ ಮೇಲೆ ಬಂದವು. ಆದರೆ ಹೆಸರಿಲ್ಲ, ಬರೀ ಅಂಕಿ. ಕೆಲವು ಅರೆಬರೆ, ಕೆಲವಕ್ಕೆ ಒಂದೇ ತೋಳು. ಅದು ಡಿಸ್ಕಿನ ಊನವೋ ಮೈಯ ಊನವೋ ಎಂದು ತೆರೆದು ನೋಡದೆ ಹೇಳುವಂತಿರಲಿಲ್ಲ.

ಒರೆಸಪ್ಪನವರು ಗೋಡೆಯ ಕಡೆ ಅರ್ಧ ತಿರುಗಿ ನಿಂತರು. “ಇವೆಲ್ಲ ಜನರ ಮೈ ಅಕ್ಕ. ನಾನು ನೋಡ್ಲಾ?”

“ನೋಡದೆ ಹೇಗೆ ಸರಿಮಾಡ್ತೀರಿ? ಮರ್ಯಾದೆ ಅಂತ ನಾನು ಕಣ್ಮುಚ್ಚಿ ಅಳತೆ ತಗೊಂಡ್ರೆ ತೋಳು ಹೋಗಿ ಕಾಲಿಗೆ ಕೂತ್ಕೊಳ್ಳುತ್ತೆ. ಬನ್ನಿ, ಈ ಸ್ಟೂಲ್ ಎಳ್ಕೊಳ್ಳಿ.”

ಮೂರು ದಿನ ಇಬ್ಬರೂ ಅಕ್ಕಪಕ್ಕ ಕುಳಿತರು. ಇವರು ಮುರಿದ ಕಡತವನ್ನು ಕೂಡಿಸುವುದು, ಅಕ್ಕ ಗೆರೆ ನೋಡಿ ಗುರುತು ಹಿಡಿಯುವುದು. “ಇದು ಅಂಚೆಯವರದು, ಚೀಲ ಹೊತ್ತು ಬಲಭುಜ ಇಳಿದಿದೆ.” “ಇದು ಆ ಟೀಚರ್, ಆಪರೇಷನ್ ಆದಮೇಲಿನದು. ಎಡಗಡೆ ಒಳಪದರ ಕೊಟ್ಟಿದ್ದೆ.” ಒರೆಸಪ್ಪನವರು ಕೇಳಿಸಿಕೊಂಡು, ಹೆಸರು ಬರೆದು, ಮುಂದಿನದಕ್ಕೆ ಹೋಗುತ್ತಿದ್ದರು. ಮೂವತ್ತೊಂದು ಮೈಗಳು ಕೊನೆಗೂ ಸಿಗಲಿಲ್ಲ. ಆ ಮನೆಗಳಿಗೆ ಅಕ್ಕ ಅಳತೆಪಟ್ಟಿ ಹಿಡಿದು ಹೊರಟಾಗ ಇವರೂ ಜೊತೆಗೆ ಹೋಗಿ, ಬಾಗಿಲಲ್ಲೇ ನಿಂತು, “ನನ್ನಿಂದ ಆದ ತೊಂದರೆ” ಎಂದು ಪ್ರತಿ ಮನೆಯಲ್ಲೂ ಹೇಳಿ ಬಂದರು. ಅವರಲ್ಲಿ ಇಬ್ಬರು ಎದ್ದು ನಿಲ್ಲಲಾರದವರು. ಆ ಇಬ್ಬರ ನಿಂತ ಅಳತೆ ಇನ್ನು ಯಾರ ಬಳಿಯೂ ಇಲ್ಲ.

ಎಲ್ಲ ಮುಗಿದ ವಾರ ಹೆಂಡತಿ ಸುಮ್ಮನೆ ಕೆಣಕಿದರು: “ಅರ್ಧ ಊರಿನ ಮೈ ನೋಡಿದ್ರಲ್ಲ. ಔಷಧಿ ಅಂಗಡಿಯವಳ ಸೊಂಟ ಎಷ್ಟು, ಹೇಳಿ ನೋಡೋಣ.”

“ನೆನಪಿಲ್ಲ ಕಣೇ.”

ಹತ್ತು ವರ್ಷದ ಹಿಂದೆ ಯಾವ ಮನೆಯ ಯಂತ್ರಕ್ಕೆ ಯಾವ ಫ್ಯಾನು ಬದಲಿಸಿದ್ದು ಎಂದು ತಡವರಿಸದೆ ಹೇಳುವ ಮನುಷ್ಯ ಅವರು.

ನೋಡದೆ ಇರುವುದು ಸಭ್ಯತೆಯ ಸುಲಭದ ಭಾಗ. ಅದಕ್ಕೆ ಒಂದು ಗೋಡೆಯಿದ್ದರೆ ಸಾಕು. ನೋಡಲೇಬೇಕಾದದ್ದನ್ನು ನೋಡಿ, ಸರಿಮಾಡಿ, ಕಂಡದ್ದನ್ನು ತನ್ನೊಳಗೇ ಮುಳುಗಿಸಿಬಿಡುವ ಜನ ಪ್ರತಿ ಬೀದಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಹೊಲಿಯುವವರು, ಗಾಯ ಕಟ್ಟುವವರು, ಹೆಣ ತೊಳೆಯುವವರು, ಹಳೆಯ ಯಂತ್ರಗಳನ್ನು ಒರೆಸುವವರು. ನಮ್ಮ ನಿಜವಾದ ಅಳತೆ ಅವರಿಗೆ ಗೊತ್ತಿರುತ್ತದೆ. ನಾಳೆ ತಿರುವಿನಲ್ಲಿ ಎದುರಾದಾಗ ಅವರು ಒಂದು ಕ್ಷಣ ನಿಂತು, ಇವತ್ತು ಬಿಸಿಲು ಸ್ವಲ್ಪ ಜಾಸ್ತಿಯೇ ಅಲ್ಲವೇ ಎಂದು ಕೇಳಿ, ಮುಂದೆ ನಡೆಯುತ್ತಾರೆ.