ಶತ್ರು ಮತ್ತೆ ಬಂದ ಸಂಜೆ

ನನ್ನ ಗಂಡನ ಸ್ಕ್ವಾಡ್ರನ್ನಿಗೆ ಇದ್ದದ್ದು ಒಂದೇ ಕೆಲಸ: ಗಡಿ ದಾಟಿ ಬರುವ ಶತ್ರು ವಿಮಾನವನ್ನು ಆಕಾಶದಲ್ಲೇ ಅಡ್ಡಗಟ್ಟುವುದು. ಈ ವಿಷಯವನ್ನು ಶತ್ರುವಿಗೆ ಯಾರೂ ತಿಳಿಸಿದ ಹಾಗಿರಲಿಲ್ಲ. ಅವನು ಬರಲೇ ಇಲ್ಲ. ಪೈಲಟ್‌ಗಳು ಬೂಟು ಬಿಚ್ಚದೆ ಕೇರಂ ಆಡುತ್ತಾ ಕಾದರು, ಕಾದು ಕಾದು ಬಡ್ತಿ ಪಡೆದರು, ನಿವೃತ್ತರಾದರು. ಅಷ್ಟು ವರ್ಷಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಹವಾಮಾನ ಇಲಾಖೆಯ ಒಂದು ಬಲೂನು, ದಾರಿ ತಪ್ಪಿದ ನಮ್ಮದೇ ಮಂತ್ರಿಯ ವಿಮಾನ, ಮತ್ತು ಶುಕ್ರ.

ಶುಕ್ರನ ಹಿಂದೆ ಹೋದವರು ನಮ್ಮ ಮನೆಯವರು.

ಅಂದು ಸಂಜೆ ಪಡುವಣದಲ್ಲಿ ಬೆಳ್ಳಗೆ ಏನೋ ಹೊಳೆಯಿತು. ಸ್ಕ್ವಾಡ್ರನ್ನಿನ ಮುಖ್ಯಸ್ಥರು ದುರ್ಬೀನಿನಲ್ಲಿ ನೋಡಿ "ಶತ್ರು!" ಎಂದರು. ಕ್ವಾರ್ಟರ್ಸಿನ ಹೆಂಗಸರೆಲ್ಲ ಅವರನ್ನು ಮೀಸೆ ಎಂದೇ ಕರೆಯುತ್ತಿದ್ದೆವು. ರೇಡಾರಿನಲ್ಲಿ ಏನೂ ಕಾಣಲಿಲ್ಲ; ಹಾಗಾದರೆ ಶತ್ರು ಮಹಾ ಚಾಲಾಕಿ ಎಂದು ಮೀಸೆ ತೀರ್ಮಾನಿಸಿದರು. ನಮ್ಮವರು ಗೆಲ್ಲುವ ಕೇರಂ ಆಟ ಬಿಟ್ಟು ಓಡಿ ವಿಮಾನ ಏರಿದರು. ಇಂಧನ ಮುಗಿದು ವಿಮಾನ ಅವರ ಸಮೇತ ಸಮುದ್ರಕ್ಕೆ ಬಿತ್ತು.

ಮರುದಿನ ಸಂಜೆ ಶತ್ರು ಅದೇ ಹೊತ್ತಿಗೆ ಅದೇ ಜಾಗದಲ್ಲಿ ಬಂದು ನಿಂತ. ಅದರ ಮರುದಿನವೂ ಬಂದ. ಮಕ್ಕಳು ಕೂಡ ಬೆರಳು ಮಾಡಿ ತೋರಿಸಿದರು. ಮೀಸೆ ತಮ್ಮ ಕಚೇರಿಯ ಪಡುವಣ ಕಿಟಕಿಗೆ ದಪ್ಪನೆಯ ಪರದೆ ಹಾಕಿಸಿದರು.

ರೇಡಿಯೋ ಕೋಣೆಯಲ್ಲಿದ್ದವನು ನಮ್ಮ ಪಕ್ಕದ ಮನೆಯವನು. ಹಿತ್ತಿಲಿಗೆ ಬಂದು ಅಳುತ್ತಾ ಹೇಳಿದ: "ಅತ್ತಿಗೆ, ಅಣ್ಣಂಗೆ ಗೊತ್ತಾಗಿತ್ತು. 'ಸರ್, ಅದು ವಿಮಾನ ಅಲ್ಲ, ಶುಕ್ರ. ವಾಪಸ್ ಬರ್ಲಾ?' ಅಂತ ಕೇಳಿದ್ರು. ತಿರುಗಿದ್ರೆ ಹೇಡಿ ಅಂತ ಬರೀತೀನಿ ಅಂದ್ರು ಮೀಸೆ."

ಈಗ ಸ್ಕ್ವಾಡ್ರನ್ ಮುಚ್ಚುತ್ತಿದೆ. ವಿಮಾನಗಳು ಗುಜರಿಗೆ, ಸಾಹಸಗಳು ಪುಸ್ತಕಕ್ಕೆ. ಇತಿಹಾಸ ಬರೆಯಲು ಗೊತ್ತುಮಾಡಿದ್ದ ಮೇಷ್ಟ್ರು ಫೋಟೋ ಕೇಳಲು ಬಂದರು. "ಕೊಡ್ತೀನಿ. ಅವರು ರೇಡಿಯೋದಲ್ಲಿ ಕೊನೆಗೆ ಕೇಳಿದ ಪ್ರಶ್ನೆ ಪುಸ್ತಕದಲ್ಲಿ ಇರ್ಬೇಕು," ಎಂದೆ. ಮೇಷ್ಟ್ರು ತಲೆ ಕೆರೆದುಕೊಂಡು ಹೋದರು. ಅವರ ಬದಲು ಮುಂದಿನ ವಾರ ಮೀಸೆಯೇ ಬಂದರು, ಮೀಸೆಗೆ ಹೊಸದಾಗಿ ಕಪ್ಪು ಬಳಿದುಕೊಂಡು.

"ತಂಗೀ, ನಿನ್ನ ಗಂಡ ಹುತಾತ್ಮ. ಅಷ್ಟು ಸಾಲ್ದಾ?"

"ಊರೆಲ್ಲ ಅವರನ್ನ ಚುಕ್ಕಿ ಬೆನ್ನತ್ತಿದ ಪೆದ್ದ ಅನ್ನುತ್ತೆ ಸರ್. ಅವರು ಪೆದ್ದ ಅಲ್ಲ ಅಂತ ನಿಮಗೆ ಗೊತ್ತು."

ಮೀಸೆ ನಾನು ಕೊಟ್ಟ ಚಹಾ ಪೂರ್ತಿ ಕುಡಿದು ಎದ್ದು ಹೋದರು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಈ ಜಟ್ಟಿ ಅಖಾಡಕ್ಕೇ ಇಳಿದವರಲ್ಲ, ಬಿದ್ದವರು ಬೇರೆಯವರು.

ಬೀಳ್ಕೊಡುಗೆ ಸಮಾರಂಭ ಸಂಜೆ, ರನ್‌ವೇ ಪಕ್ಕದಲ್ಲಿ. ಪುಸ್ತಕದಲ್ಲಿ ಬಲೂನು ಬೇಹುಗಾರನಾಗಿತ್ತು, ಮಂತ್ರಿಯ ವಿಮಾನ ಮಂಗಮಾಯ. ಮೀಸೆ ಮೈಕಿನ ಮುಂದೆ ಏರಿದ ದನಿಯಲ್ಲಿ ಓದಿದರು: "ಅಂದು ನಮ್ಮ ವೀರ ಅಟ್ಟಿದ ಶತ್ರು ಮತ್ತೆಂದೂ ಇತ್ತ ತಲೆ ಹಾಕಲಿಲ್ಲ!" ಜೋರು ಚಪ್ಪಾಳೆ. ವೇದಿಕೆಯ ಹಿಂದೆ ಪಡುವಣ, ಅಲ್ಲಿ ಮೀಸೆಯ ನೆತ್ತಿಯ ಮೇಲೆಯೇ ಶುಕ್ರ ಜಗ್ಗೆಂದು ಹೊಳೆಯುತ್ತಿತ್ತು.

ಗಂಡನ ಹೆಸರಿನ ಫಲಕ ಕೊಡಲು ನನ್ನನ್ನು ವೇದಿಕೆಗೆ ಕರೆದರು. ತೆಗೆದುಕೊಂಡೆ. ಮೈಕನ್ನೂ ತೆಗೆದುಕೊಂಡೆ.

"ಸರ್, ಶತ್ರು ಮತ್ತೆ ಬಂದಿದ್ದಾನೆ. ತಿರುಗಿ ನೋಡಿ."

ಕುರ್ಚಿಗಳಲ್ಲಿದ್ದವರೆಲ್ಲ ತಲೆ ಎತ್ತಿದರು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಸಾಲುಸಾಲೇ ನಕ್ಕಿತು. ನನಗೆ ನಗು ಬರಲಿಲ್ಲ. ಮೀಸೆ ತಿರುಗಲಿಲ್ಲ.

"ಸಾಕು ತಂಗೀ, ಕೆಳಗಿಳಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಇಳೀತೀನಿ. ನಮ್ಮವರು ಅವತ್ತು ಕೇಳಿದ್ದಕ್ಕೆ ಈಗಲಾದ್ರೂ ಸರಿಯಾದ ಉತ್ತರ ಕೊಡಿ."

ನಗು ಪೂರ್ತಿ ನಿಲ್ಲುವವರೆಗೆ ಕಾದೆ. ಆಮೇಲೆ ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದೆ:

"ಸರ್, ಅದು ವಿಮಾನ ಅಲ್ಲ, ಶುಕ್ರ. ವಾಪಸ್ ಬರ್ಲಾ?"